ಮಂಗಳೂರಕ್ಕನ ಊರು

ಮಂಗಳೂರಕ್ಕ ನಡೆಯುವಾಗ ಹೆಜ್ಜೆಯನ್ನು ಬೇಕಾದ್ದಕ್ಕಿಂತ ಮೇಲಕ್ಕೆ ಎತ್ತುತ್ತಿದ್ದರು. ಕಾಲ್ಬೆರಳುಗಳನ್ನು ಅಗಲಿಸಿ, ಮುಂಗಾಲನ್ನು ಮೊದಲು ಊರಿ, ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿಯೂ ತಾಗಿಸದ ಹಾಗೆ ಎತ್ತಿಬಿಡುವ ನಡಿಗೆ. ನಮ್ಮ ಕೆಂಪು ನೆಲ ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ. ಅದರ ಮೇಲೆ ಹಾಗೆ ನಡೆಯುವವರನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಅವರು ಬಂದ ದಿನ ತಲೆಯ ಮೇಲೆ ಪಾತ್ರೆಯ ಮೂಟೆ ಹೊತ್ತು ಕೆರೆ ಏರಿಯ ಮೇಲೆ ಬರುತ್ತಿದ್ದುದನ್ನು ಕಂಡು ನಮ್ಮತ್ತೆ, "ಯಾರವ್ವಾ ಅದು, ಕೆಸರಾಗೆ ನಡೆಯೋ ಅಂಗೆ ಬತ್ತಾವ್ಳೆ" ಎಂದರು. ಮರಳಿನಲ್ಲಿ ಹುಟ್ಟಿ ಮರಳಿನಲ್ಲೇ ಓಡಾಡಿದವರ ಕಾಲು ಹಾಗಿರುತ್ತದೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳಾದ ಮೇಲೆ.

ತುಮಕೂರು ರಸ್ತೆಯಲ್ಲಿ ಮಾಕಳಿ ದಾಟಿ ಒಳಕ್ಕೆ ತಿರುಗಿದರೆ ನಮ್ಮೂರು. ಪೀಣ್ಯದ ಕಡೆ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು, ಎಪ್ಪತ್ತರ ದಶಕದ ನಡುಭಾಗ. ನಾನು ಮಾಗಡಿ ಸೀಮೆಯಿಂದ ಸೊಸೆಯಾಗಿ ಬಂದು ವರ್ಷವಾಗಿತ್ತೇನೋ. ಮಾವ ರಾಗಿ ಹೊಲದ ಅಂಚಿನಲ್ಲಿ, ಹುಣಸೇಮರದ ಪಕ್ಕ, ಸಿಮೆಂಟು ಶೀಟು ಹೊದಿಸಿ ಸಾಲಾಗಿ ನಾಲ್ಕು ಮನೆ ಕಟ್ಟಿಸಿ ಕಾರ್ಖಾನೆಯವರಿಗೆ ಬಾಡಿಗೆಗೆ ಬಿಟ್ಟಿದ್ದರು. ಕೊನೆಯ ಮನೆಗೆ ಬಂದವರು ಇವರು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಗಂಡನಿಗೆ ಪೀಣ್ಯದ ಒಂದು ತಗಡಿನ ಕಾರ್ಖಾನೆಯಲ್ಲಿ ಕೆಲಸ. ಮೊದಲು ಕಡಲಲ್ಲಿ ಮೀನು ಹಿಡಿಯುತ್ತಿದ್ದವರಂತೆ. ಸಾಲುಮನೆಯವರೆಲ್ಲ ಆಕೆಯನ್ನು ಮಂಗಳೂರಕ್ಕ ಎಂದು ಕರೆಯಲು ಶುರುಮಾಡಿದರು. ಆಗ ನನಗೆ ಇಪ್ಪತ್ತು ತುಂಬಿರಲಿಲ್ಲ, ಅವರಿಗೆ ನಲವತ್ತರ ಹತ್ತಿರ.

"ನಾನು ಮಂಗಳೂರಿನವಳಲ್ಲ ಮಾರಾಯ್ತಿ" ಎಂದು ಮೊದಲ ವಾರವೇ ನನ್ನನ್ನು ತಿದ್ದಿದರು. "ಮಂಗಳೂರು ಹೊಳೆಯ ಆಚೆ ಉಂಟು. ನಮ್ಮದು ಈಚೆ. ನಮಗೂ ಅವರಿಗೂ ಸಂಬಂಧ ಇಲ್ಲ."

ಸಂಬಂಧವಿಲ್ಲ ಎಂದವರು ಅರ್ಧ ಗಂಟೆ ಮಂಗಳೂರಿನ ಮಾತೇ ಆಡಿದರು. ಅವರ ಊರಿನವರು ಅಕ್ಕಿ ತರುವುದು ಅಲ್ಲಿಂದ, ಸೀಮೆಎಣ್ಣೆ ಅಲ್ಲಿಂದ, ಮೀನು ಮಾರುವುದು ಅಲ್ಲಿ, ಮಕ್ಕಳು ಹೈಸ್ಕೂಲಿಗೆ ಹೋಗುವುದು ಅಲ್ಲಿಗೆ. ಆದರೂ ಅವರು ಈಚೆಯವರೇ. ನಮ್ಮತ್ತೆಗೆ ಇದು ತಲೆಗೆ ಹತ್ತಲಿಲ್ಲ. "ಆಚೆಯೋ ಈಚೆಯೋ, ಬೆಂಗ್ಳೂರಿಗಂತೂ ಮಂಗ್ಳೂರೇ ಕಣವ್ವ" ಎಂದು ತೀರ್ಮಾನ ಕೊಟ್ಟರು. ಹೆಸರು ನಿಂತುಹೋಯಿತು.

ಅವರು ಬಂದದ್ದು ಎರಡು ವರ್ಷದ ಮಟ್ಟಿಗೆ. ಇದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. "ಎರಡು ವರ್ಷ, ಮತ್ತೆ ಊರಿಗೆ." ಹಾಗಾಗಿ ಮಂಚ ತೆಗೆದುಕೊಳ್ಳಲಿಲ್ಲ. ಗೋಡೆಗೆ ಮೊಳೆ ಹೊಡೆಯಲಿಲ್ಲ. ಮನೆಯ ಮುಂದೆ ಅಂಗೈ ಅಗಲ ಜಾಗವಿತ್ತು, ನಮ್ಮ ಕಡೆಯ ಹೆಂಗಸಾಗಿದ್ದರೆ ಒಂದು ದಂಟಿನ ಗಿಡವನ್ನಾದರೂ ಎಬ್ಬಿಸುತ್ತಿದ್ದಳು. ಇವರು ಬೀಜ ಕೊಟ್ಟರೂ ಹಾಕಲಿಲ್ಲ. ಗಿಡ ಫಲ ಕೊಡುವಷ್ಟರಲ್ಲಿ ನಾವು ಇರುವುದಿಲ್ಲ ಎನ್ನುವುದು ಅವರ ಲೆಕ್ಕ. ದಂಟು ಬರಲು ಎಷ್ಟು ದಿನ ಬೇಕು ಎಂದು ಅವರಿಗೆ ಗೊತ್ತಿರಲಿಲ್ಲ, ಹೇಳಿದರೆ ಕೇಳುತ್ತಲೂ ಇರಲಿಲ್ಲ.

ಅವರೊಳಗೆ ಒಂದೇ ಒಂದು ಭಯವಿತ್ತು. ತಾವು ಹಿಂತಿರುಗುವ ಹೊತ್ತಿಗೆ ಊರು ಇರುತ್ತದೋ ಇಲ್ಲವೋ ಎಂದು. ಊರೆಂಬುದು ಎಲ್ಲಿಗೆ ಹೋಗುತ್ತದೆ ಎಂದು ನಾನು ನಗುತ್ತಿದ್ದೆ. ನಮ್ಮ ಕಡೆ ಮನುಷ್ಯರು ಹೋಗುತ್ತಾರೆ, ಊರು ಇದ್ದಲ್ಲೇ ಇರುತ್ತದೆ ಎಂದು ತಿಳಿದಿದ್ದವಳು ನಾನು.

ಅತ್ತೆಗೂ ಅವರಿಗೂ ಸ್ನೇಹ ಕೂಡಿಸಿದ್ದು ಒಣಮೀನು. ಒಂದು ದಿನ ಮಧ್ಯಾಹ್ನ ಕೊನೆಯ ಮನೆಯಿಂದ ಒಣಮೀನು ಸುಡುವ ಘಾಟು ಎದ್ದಿತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತ ಹೊರಟರು. ಜಗಳ ಗ್ಯಾರಂಟಿ ಎಂದುಕೊಂಡು ನಾನೂ ಹಿಂದೆ ಹೋದೆ. ಅತ್ತೆ ಬಾಗಿಲಲ್ಲಿ ನಿಂತು, "ಏನವ್ವಾ, ನೀನೊಬ್ಳೇ ತಿಂದ್ರೆ ಒಟ್ಟೆಗೆ ಒಪ್ಕತ್ತದಾ? ಮುದ್ದೆ ತಂದ್ಕೊಡ್ತೀನಿ, ಅರ್ಧ ಮೀನ್ ಕೊಡು" ಎಂದರು. ಆವತ್ತು ಮಂಗಳೂರಕ್ಕ ಮೊದಲ ಸಲ ಮುದ್ದೆ ತಿಂದರು. ನುಂಗುವುದು ಬಿಟ್ಟು ಅಗಿದರು. ಅಗಿದಷ್ಟೂ ಬಾಯಿಗೆ ಅಂಟಿಕೊಂಡು, ಕಣ್ಣಲ್ಲಿ ನೀರು ಬಂದು, ಕೊನೆಗೆ ಅತ್ತೆ ಬೆನ್ನು ಗುದ್ದಬೇಕಾಯಿತು. ಅತ್ತೆ ಅಷ್ಟು ನಕ್ಕಿದ್ದನ್ನು ನಾನು ಆ ಮನೆಗೆ ಬಂದ ಮೇಲೆ ಕಂಡದ್ದು ಅದೇ ಮೊದಲು.

ಚಳಿಗಾಲದಲ್ಲಿ ಅವರೇಕಾಯಿ ಬಂತೆಂದರೆ ಹೆಂಗಸರಿಗೆಲ್ಲ ಒಂದೇ ಕೆಲಸ. ರಾಶಿ ಹಾಕಿಕೊಂಡು ಸುಲಿಯುವುದು, ನೆನೆಸುವುದು, ಹಿತುಕುವುದು. ಮಂಗಳೂರಕ್ಕನಿಗೆ ಬೇಳೆ ಹಿತುಕಲು ಬರುತ್ತಿರಲಿಲ್ಲ. ಒತ್ತಿದರೆ ಬೇಳೆ ಹಾರಿ ಯಾರದಾದರೂ ಮುಖಕ್ಕೆ ಬೀಳುತ್ತಿತ್ತು. ಆದರೆ ಅವರಿಲ್ಲದೆ ನಮಗೆ ಕೈ ಓಡುತ್ತಿರಲಿಲ್ಲ, ಯಾಕೆಂದರೆ ಅವರು ಊರಿನ ಕತೆ ಹೇಳುತ್ತಿದ್ದರು. ಹುಣಸೇಮರದ ಪಕ್ಕದ ಬಿಸಿಲಲ್ಲಿ ಕೂತು, ಸಮುದ್ರವನ್ನು ಕಣ್ಣಿಂದ ಕಾಣದ ನಾವು ಏಳೆಂಟು ಹೆಂಗಸರು ಆ ಊರನ್ನು ಓಣಿ ಓಣಿಯಾಗಿ ಕಲಿತುಬಿಟ್ಟೆವು.

ಆ ಊರು ಹಳೆಯದೇನಲ್ಲ. ನಮ್ಮಲ್ಲಿ ಊರಿನ ಹುಟ್ಟು ಯಾರಿಗೂ ಗೊತ್ತಿಲ್ಲ. ಬಸವಣ್ಣನ ಕಲ್ಲು ಇದ್ದಾಗಿನಿಂದ ಊರು ಇದೆ ಎನ್ನುತ್ತೇವೆ. ಮಂಗಳೂರಕ್ಕನಿಗೆ ತಮ್ಮ ಊರು ಹುಟ್ಟಿದ ಕತೆ ಪಕ್ಕದ ಮನೆಯ ಮಗು ಹುಟ್ಟಿದ ಕತೆಯಷ್ಟು ಚೆನ್ನಾಗಿ ಗೊತ್ತಿತ್ತು. ಅವರ ಅಜ್ಜಿಯ ಅಜ್ಜಿಯ ಕಾಲಕ್ಕೆ ಅಲ್ಲಿ ನೆಲವೇ ಇರಲಿಲ್ಲವಂತೆ. ಒಂದು ಮಳೆಗಾಲದಲ್ಲಿ ಹೊಳೆ ಉಕ್ಕಿ, ಕಡಲಿಗೆ ಸೇರುವ ಹಳೆಯ ಬಾಯಿಯನ್ನು ಬಿಟ್ಟು ಹೊಸ ಬಾಯಿ ತೆರೆದುಕೊಂಡಿತು. ನೀರು ಇಳಿದ ಮೇಲೆ ನೋಡಿದರೆ ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಒಂದು ಮರಳಿನ ಪಟ್ಟಿ ಎದ್ದು ಕೂತಿತ್ತು. ಮೊದಮೊದಲು ಮೀನುಗಾರರು ಬಲೆ ಒಣಗಿಸಲು ಅಲ್ಲಿಗೆ ಬಂದು ಸಂಜೆಗೆ ಹೊರಟುಹೋಗುತ್ತಿದ್ದರು. ಅಲ್ಲಿ ರಾತ್ರಿ ಉಳಿದವರಿಲ್ಲ.

"ಮತ್ತೆ ಊರಾಗಿದ್ದು ಹೆಂಗೆ?" ಎಂದು ಅತ್ತೆ ಕೇಳುತ್ತಿದ್ದರು. ಪ್ರತಿವರ್ಷವೂ ಕೇಳುತ್ತಿದ್ದರು, ಗೊತ್ತಿದ್ದೂ.

"ಒಬ್ಬಳ ಸಿಟ್ಟಿನಿಂದ, ಅಮ್ಮ. ನಮ್ಮ ಕುಟುಂಬದ ಹಿರಿಯಳೊಬ್ಬಳು. ಅಣ್ಣನ ಜೊತೆ ಜಗಳ ಆಯ್ತು. ಕೋಳಿಗೂಡು ತಲೆ ಮೇಲೆ ಇಟ್ಟುಕೊಂಡು ದೋಣಿ ಹತ್ತಿದಳು. ಮರಳಿನ ಮೇಲೆ ತೆಂಗಿನ ಗರಿ ಕಟ್ಟಿ ಕೂತಳು. ಕರೀಲಿಕ್ಕೆ ಬಂದರೆ, ನಾನು ಬರುವುದಿಲ್ಲ, ಬೇಕಾದರೆ ನೀವೇ ಬನ್ನಿ ಅಂದಳಂತೆ. ಮತ್ತೆ ಒಬ್ಬೊಬ್ಬರೇ ಬಂದರು."

"ಗಟ್ಟಿಗಿತ್ತಿ" ಎನ್ನುತ್ತಿದ್ದರು ಅತ್ತೆ, ಅದೂ ಪ್ರತಿವರ್ಷ.

ಆ ಸಿಟ್ಟಿನ ಹೆಂಗಸು ಮರಳನ್ನು ಸೊಂಟದಷ್ಟು ಆಳ ತೋಡಿದರೆ ಸಿಹಿನೀರು ಬಂತಂತೆ. ಈಚೆ ಉಪ್ಪು, ಆಚೆ ಉಪ್ಪು, ನಡುವೆ ಸಿಹಿ. ನಮ್ಮ ಬಾವಿಯಿಂದ ನೀರು ಸೇದಿ ಸೇದಿ ರಟ್ಟೆ ಬಿದ್ದುಹೋಗಿದ್ದ ನನಗೆ ಇದನ್ನು ನಂಬಲು ಬಹಳ ಕಷ್ಟವಾಯಿತು. ಮನೆ ಕಟ್ಟಿದವಳು ಹೆಂಗಸಾದ್ದರಿಂದಲೋ ಏನೋ, ಅವರಲ್ಲಿ ಮನೆ ಹೆಣ್ಣುಮಕ್ಕಳದ್ದು. ಮದುವೆಯಾದರೂ ತಾಯಿಯ ಮನೆಯಲ್ಲಿ ಮಗಳ ಪಾಲು ಉಳಿಯುತ್ತದೆ. ಮಂಗಳೂರಕ್ಕನ ಅಕ್ಕ ಆ ಮನೆಯಲ್ಲಿದ್ದರು. ಇವರದ್ದೂ ಒಂದು ಕೋಣೆ ಇತ್ತು, ಖಾಲಿ ಕಾಯುತ್ತಿತ್ತು. ಹುಟ್ಟಿದ ಮನೆಯಲ್ಲಿ ನನ್ನ ಚಾಪೆಯನ್ನೂ ತಂಗಿಗೆ ಕೊಟ್ಟು ಬಂದವಳು ನಾನು. ಅದನ್ನು ಕೇಳಿದ ದಿನ ನನಗೆ ಯಾಕೋ ಊಟ ಸೇರಲಿಲ್ಲ.

ಊರಿನ ಉದ್ದಕ್ಕೂ ಒಂದೇ ಓಣಿ. ಬಡಗು ತುದಿಯಲ್ಲಿ ಬ್ಯಾರಿಗಳ ಮನೆಗಳು, ಮಸೀದಿ. ತೆಂಕಣ ತುದಿಯಲ್ಲಿ ಇವರದ್ದು, ಭಜನಾಮಂದಿರ. ನಡುವೆ ಶಾಲೆ. ಹೊಳೆ ದಾಟಿಸಲು ದೋಣಿ. ಆಚೆ ದಡದಲ್ಲಿ ಹಂಚಿನ ಕಾರ್ಖಾನೆಗಳ ಹೊಗೆಗೂಡು ಕಾಣುತ್ತಿತ್ತಂತೆ, ಹಂಚು ತುಂಬಿಕೊಂಡು ಹೋಗುವ ಹಾಯಿಹಡಗುಗಳು ಇವರ ಮನೆಯ ಮುಂದೆಯೇ ಹಾದು ಕಡಲಿಗೆ ಇಳಿಯುತ್ತಿದ್ದವಂತೆ. ದೋಣಿಯವನದ್ದು ಒಂದು ಪದ್ಧತಿ. ದಡದಲ್ಲಿ ಯಾರಾದರೂ ಓಡಿ ಬರುವುದು ಕಂಡರೆ ಬಿಟ್ಟ ದೋಣಿಯನ್ನೂ ತಿರುಗಿಸುತ್ತಿದ್ದ. ಆ ಊರಿನಲ್ಲಿ ಓಡಿದವರನ್ನು ಬಿಟ್ಟು ದೋಣಿ ಹೋದದ್ದಿಲ್ಲ. ಅದೇ ನಂಬಿಕೆಯಲ್ಲಿ ಮಂಗಳೂರಕ್ಕ ಮಾಕಳಿಯಲ್ಲಿ ಬಸ್ಸಿನ ಹಿಂದೆ ಓಡುತ್ತಿದ್ದರು. ಬಸ್ಸು ಹೋಗಿಬಿಡುತ್ತಿತ್ತು. ಪ್ರತಿ ಸಲವೂ ಅವರಿಗೆ ಆಶ್ಚರ್ಯ. "ನೋಡಿದ, ನೋಡಿಯೂ ಹೋದ" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ನಡೆದು ಬರುತ್ತಿದ್ದರು.

ಆದರೆ ಕತೆಗಳಲ್ಲೆಲ್ಲ ದೊಡ್ಡದು ರಂಪಣಿಯದು. ರಂಪಣಿ ಎಂದರೆ ಊರಿಗೆ ಊರೇ ಸೇರಿ ಎಳೆಯುವ ಬಲೆ. ಒಬ್ಬನ ಬಲೆಯಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ಹೆಣೆದು ತಂದು, ಎಲ್ಲವನ್ನೂ ಸೇರಿಸಿ ಕಟ್ಟಿದರೆ ರಂಪಣಿ ಆಯಿತು. ದಡದಲ್ಲಿ ಕೂತು ಕಡಲನ್ನೇ ನೋಡುವ ಹಿರಿಯರಿದ್ದರು. ನೀರಿನ ಬಣ್ಣ ಒಂದು ಕಡೆ ಕಪ್ಪಾದರೆ ಬಂಗುಡೆ ಮೀನಿನ ಹಿಂಡು ಬಂದಿದೆ ಎಂದರ್ಥ. ಕೂಗು ಬಿದ್ದರೆ ಸಾಕು, ಉಣ್ಣುವವನು ಎಲೆ ಬಿಟ್ಟು, ಮೇಷ್ಟ್ರು ಶಾಲೆ ಬಿಟ್ಟು, ಹೆಂಗಸರು ಒಲೆಯ ಮೇಲಿನ ಗಂಜಿ ಬಿಟ್ಟು ಓಡಬೇಕು. ದೋಣಿ ಬಲೆಯನ್ನು ಕಡಲಿನಲ್ಲಿ ಅರ್ಧ ಸುತ್ತು ಬಳಸಿ ಹಾಕಿ ಹಗ್ಗದ ಎರಡು ತುದಿಗಳನ್ನು ದಡಕ್ಕೆ ತಂದು ಕೊಡುತ್ತದೆ. ಆ ತುದಿಗೆ ಅರ್ಧ ಊರು, ಈ ತುದಿಗೆ ಅರ್ಧ ಊರು. ಎಳೆಯುತ್ತಾ ಎಳೆಯುತ್ತಾ ಎರಡು ಸಾಲೂ ಹತ್ತಿರ ಬರುತ್ತವೆ. ಜಗಳವಾಡಿ ಮಾತು ಬಿಟ್ಟವರೂ ಕೊನೆಗೆ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಾಗುತ್ತದೆ.

"ಹಗ್ಗ ಹಿಡಿದವರಿಗೆಲ್ಲ ಪಾಲು. ವಿಧವೆಗೆ ಉಂಟು, ಮಂದಿರಕ್ಕೆ ಉಂಟು, ಮಸೀದಿಗೆ ಉಂಟು. ದಾರಿಯಲ್ಲಿ ಹೋಗುವ ನೆಂಟರು ಸುಮ್ಮನೆ ಕೈ ಹಾಕಿದರೂ ನಾಲ್ಕು ಬಂಗುಡೆ ಕೊಟ್ಟೇ ಕಳಿಸುವುದು" ಎಂದು ಹೇಳುವಾಗ ಮಂಗಳೂರಕ್ಕನ ಎರಡು ಕೈಗಳೂ ತಾವಾಗಿಯೇ ಗಾಳಿಯಲ್ಲಿ ಹಗ್ಗ ಎಳೆಯುತ್ತಿದ್ದವು. ಅವರೇಕಾಯಿ ತೊಡೆಯಿಂದ ಜಾರಿ ಚೆಲ್ಲಿಹೋಗುತ್ತಿತ್ತು.

ಆ ಬಲೆಗೆ ಮೀನು ಬರುವುದು ಕಡಿಮೆಯಾಗಿದ್ದರಿಂದಲೇ ಅವರು ಇಲ್ಲಿಗೆ ಬಂದದ್ದು. ಪರ್ಸೀನ್ ಬೋಟು ಎಂಬ ದೊಡ್ಡ ಎಂಜಿನ್ ದೋಣಿಗಳು ಬಂದು ದೂರದ ನೀರಿನಲ್ಲೇ ಹಿಂಡಿಗೆ ಹಿಂಡನ್ನೇ ಬಳಸಿ ಎತ್ತತೊಡಗಿದವು. ದಡಕ್ಕೆ ಬರಲು ಮೀನು ಉಳಿಯಲಿಲ್ಲ. ಕೂಗು ಬೀಳುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ತಿಂಗಳಿಗೊಮ್ಮೆ. ಗಂಡಸರು ಬೋಟುಗಳಿಗೆ ಕೂಲಿಗೆ ಹೋದರು, ಕೆಲವರು ಬೊಂಬಾಯಿಗೆ, ಇವರ ಗಂಡ ಪೀಣ್ಯಕ್ಕೆ. ಬೋಟಿನವರೂ ಹೊಟ್ಟೆಪಾಡಿಗೆ ಬಂದವರೇ ಎಂದು ಮಂಗಳೂರಕ್ಕ ಹೇಳುತ್ತಿದ್ದರು.

ಅವರು ಬಂದ ಎರಡನೆಯ ಬೇಸಿಗೆಯೋ ಮೂರನೆಯದೋ, ನಮ್ಮ ಕೆರೆಯಲ್ಲಿ ನೀರು ಮೊಣಕಾಲಿಗೆ ಇಳಿಯಿತು. ನೀರು ಹಾಗೆ ಇಳಿದಾಗ ಊರವರೆಲ್ಲ ಸೇರಿ ಬಲೆ ಎಳೆದು ಮೀನು ಹಿಡಿಯುವುದು ವಾಡಿಕೆ. ಗಂಡಸರು ನೀರಿಗೆ ಇಳಿದಿದ್ದರು. ಹೆಂಗಸರು ನಾವು ಏರಿಯ ಮೇಲೆ ನಿಂತು ಮಾತಾಡುತ್ತಿದ್ದೆವು. ನನ್ನ ಪಕ್ಕದಲ್ಲಿದ್ದ ಮಂಗಳೂರಕ್ಕ ಇದ್ದಕ್ಕಿದ್ದಂತೆ ಕಾಣಲಿಲ್ಲ. ನೋಡಿದರೆ ಸೀರೆಯನ್ನು ಮೊಣಕಾಲ ಮೇಲೆ ಕಚ್ಚೆ ಹಾಕಿ ಕೆರೆಗೆ ಇಳಿದು, ಗಂಡಸರ ಸಾಲಿನ ತುದಿಯಲ್ಲಿ ಬಲೆಯ ಹಗ್ಗ ಹಿಡಿದು ನಿಂತಿದ್ದಾರೆ. ಅತ್ತೆ ಕೆನ್ನೆಗೆ ಕೈ ಹಚ್ಚಿದರು. ಆದರೆ ಎಳೆದರು ನೋಡಿ, ಹಾಗೆ ಎಳೆದವರು ನಮ್ಮೂರ ಗಂಡಸರಲ್ಲೂ ಇರಲಿಲ್ಲ. ಮೈಯ ಭಾರವನ್ನೆಲ್ಲ ಹಿಂದಕ್ಕೆ ಕೊಟ್ಟು, ಹೆಜ್ಜೆಗೆ ಹೆಜ್ಜೆ ಸೇರಿಸಿ, ಬಾಯಲ್ಲಿ ಏನೋ ತುಳುವಿನ ಪದ ಹೇಳಿಕೊಳ್ಳುತ್ತಾ. ಯಾರೂ ತಡೆಯಲಿಲ್ಲ. ಬೇಡ ಎನ್ನುವುದಕ್ಕೆ ಯಾರಿಗೂ ಹೊಳೆಯಲೇ ಇಲ್ಲ.

ಮೀನನ್ನು ದಡದಲ್ಲಿ ಗುಡ್ಡೆ ಹಾಕಿ ಹಂಚುವ ಹೊತ್ತು ಬಂತು. ಊರಿನ ಒಕ್ಕಲು ಮನೆಗೆ ಒಂದೊಂದು ಪಾಲು. ಹಂಚುತ್ತಿದ್ದವರು ನಮ್ಮ ಮಾವ. ಸಾಲಿನಲ್ಲಿ ಮಂಗಳೂರಕ್ಕನೂ ಸೆರಗನ್ನು ಜೋಳಿಗೆ ಮಾಡಿ ಹಿಡಿದು ನಿಂತಿದ್ದರು.

"ನೀನ್ಯಾಕವ್ವ ಇಲ್ಲಿ?" ಎಂದರು ಮಾವ.

"ಪಾಲಿಗೆ, ಅಪ್ಪ."

"ಬಾಡಿಗೆ ಮನೆಯೋರಿಗೆ ಪಾಲು ಬರಾಕಿಲ್ಲ ಕಣವ್ವ. ಒಕ್ಕಲಿಗೆ ಮಾತ್ರ."

"ಹಗ್ಗ ಎಳೆದಿದ್ದೇನಲ್ಲ?"

ಹಿಂದೆ ನಿಂತಿದ್ದ ಯಾರೋ, "ಅಂಗಾದ್ರೆ ದಡದಾಗೆ ಬೊಗಳ್ತಿದ್ದ ನಾಯಿಗೂ ಪಾಲು ಕೊಡ್ಬೇಕಾಯ್ತದೆ" ಎಂದ. ಎಲ್ಲರೂ ನಕ್ಕರು.

"ನಮ್ಮಲ್ಲಿ ನಾಯಿಗೂ ಉಂಟು" ಎಂದರು ಮಂಗಳೂರಕ್ಕ. ಅವರು ವಾದ ಮಾಡುತ್ತಿರಲಿಲ್ಲ. ಗೊತ್ತಿಲ್ಲದವರಿಗೆ ತಿಳಿಸುವ ಹಾಗೆ ಹೇಳಿದರು. ಆಮೇಲೆ ಸುತ್ತಲಿನ ಮುಖಗಳನ್ನು ನೋಡಿದರು. ಕೆರೆಯನ್ನು ನೋಡಿದರು. ಸೆರಗನ್ನು ನಿಧಾನವಾಗಿ ಕೊಡವಿ ಭುಜಕ್ಕೆ ಹಾಕಿಕೊಂಡು, ಅದೇ ಎತ್ತರದ ಹೆಜ್ಜೆಯಲ್ಲಿ ಮನೆಯ ಕಡೆ ನಡೆದುಬಿಟ್ಟರು.

ಸಂಜೆ ನಾನೂ ಅತ್ತೆಯೂ ಹೋದೆವು. ಅತ್ತೆ ನಮ್ಮ ಪಾಲಿನಿಂದ ಒಂದು ದೊಡ್ಡ ಗೆಂಡೆ ಮೀನನ್ನು ಎಲೆಯಲ್ಲಿ ಸುತ್ತಿ ಹಿಡಿದಿದ್ದರು. ಮಂಗಳೂರಕ್ಕ ಒಲೆ ಹೊತ್ತಿಸಿರಲಿಲ್ಲ.

"ತಪ್ಪು ನನ್ನದೇ ಅಮ್ಮ" ಎಂದರು. "ನಾನು ಎಲ್ಲಿದ್ದೇನೆ ಅಂತ ಮರೆತುಹೋಯ್ತು. ಹಗ್ಗ ಕೈಗೆ ಸಿಕ್ಕಿದ ಮೇಲೆ ಮರೆತುಹೋಯ್ತು."

ಅತ್ತೆ ಮೀನನ್ನು ನೆಲದ ಮೇಲೆ ಇಟ್ಟು, "ಅಳಬ್ಯಾಡ ಸುಮ್ಕಿರು. ನಮ್ ಗಂಡಸ್ರಿಗೆ ಬುದ್ಧಿ ಕಮ್ಮಿ. ನಮ್ಮನೆ ಪಾಲ್ನಾಗೆ ನಿಂದೂ ಒಂದು ಅಂತ ಇಟ್ಕೊ" ಎಂದರು. ಮಂಗಳೂರಕ್ಕ ತೆಂಗಿನಕಾಯಿ ಅರೆದು ಸಾರು ಮಾಡಿ ಅರ್ಧವನ್ನು ನಮಗೇ ಕಳಿಸಿದರು. ಮರುದಿನ ಸಾರು ಹೇಗಿತ್ತೆಂದು ಅವರೇ ಕೇಳಿ ಅವರೇ ಉತ್ತರವನ್ನೂ ಹೇಳಿದರು, ಕೆರೆ ಮೀನಿಗೆ ಮಣ್ಣಿನ ವಾಸನೆ ಎಂದು. ಅದನ್ನು ಎಷ್ಟು ವರ್ಷ ಕಳೆದರೂ ಬಿಟ್ಟುಕೊಡಲಿಲ್ಲ.

ಎರಡು ವರ್ಷ ಎಂದದ್ದು ನಾಲ್ಕಾಯಿತು, ಐದಾಯಿತು. ಒಂದು ಮಳೆಗಾಲದಲ್ಲಿ ಯಶವಂತಪುರದ ಹೋಟೆಲಿನಲ್ಲಿದ್ದ ಅವರ ಕಡೆಯ ಹುಡುಗನೊಬ್ಬ ಬಂದು, ಕಡಲು ಊರಿನೊಳಕ್ಕೆ ನುಗ್ಗಿದೆ ಎಂದು ಹೇಳಿದ. ಮಂಗಳೂರಕ್ಕ ಒಲೆಯ ಮೇಲಿದ್ದುದನ್ನು ಇಳಿಸಲೂ ಇಲ್ಲ. ಒಂದು ಸೀರೆ ಸುತ್ತಿಕೊಂಡು ಹೊರಟೇಬಿಟ್ಟರು. ತಿಂಗಳಾದರೂ ಬರಲಿಲ್ಲ. ಇನ್ನು ಬರುವುದೇ ಇಲ್ಲವೇನೋ ಎಂದು ನಾನು ಒಳಗೊಳಗೇ ಹೆದರಿದ್ದೆ.

ಬಂದರು. ಜೊತೆಗೆ ಒಂದು ಗೋಣಿಚೀಲ. ಅವರ ಮನೆ ಉಳಿದಿತ್ತು. ಕಡಲ ಕಡೆಯ ಸಾಲಿನ ಮನೆಗಳೂ ತೆಂಗಿನ ಮರಗಳೂ ಹೋಗಿದ್ದವು. ಗೋಣಿಚೀಲದಲ್ಲಿ ಇದ್ದದ್ದು ಬಲೆಯ ತುಂಡು. ಮೀನೇ ಇಲ್ಲದ ಮೇಲೆ ರಂಪಣಿ ಯಾಕೆ ಎಂದು ಊರವರೆಲ್ಲ ಸೇರಿ ಅದನ್ನು ಬಿಚ್ಚಿದರಂತೆ. ಯಾರ ಮನೆಯ ತುಂಡು ಅವರ ಮನೆಗೆ. ತಾಯಿಮನೆಯ ತುಂಡಿನಲ್ಲಿ ಇವರಿಗೂ ಅರ್ಧ ಬಂತು.

"ಬಿಚ್ಚುವಾಗ ಯಾರೂ ಮಾತಾಡಲಿಲ್ಲ" ಎಂದರು. "ಮದುವೆ ಚಪ್ಪರ ಬಿಚ್ಚುವಾಗಲಾದರೂ ಯಾರಾದರೂ ಏನಾದರೂ ಹೇಳ್ತಾರೆ."

ಆ ಬಲೆಯನ್ನು ಅತ್ತೆಗೆ ಕೊಟ್ಟರು. ಅಂಗಳದಲ್ಲಿ ಒಣಹಾಕಿದ ರಾಗಿಯನ್ನು ಕೋಳಿ ಕೆದಕದ ಹಾಗೆ ಅದನ್ನು ಹೊದಿಸುತ್ತಿದ್ದೆವು. ಮಂಗಳೂರಕ್ಕ ಹಾದುಹೋಗುವಾಗ ಒಮ್ಮೊಮ್ಮೆ ಬಗ್ಗಿ, ಹರಿದ ಕಣ್ಣು ಕಂಡರೆ ಕೂತು ಗಂಟು ಹಾಕಿ ಸರಿಮಾಡಿ ಹೋಗುತ್ತಿದ್ದರು.

ಅಷ್ಟು ಹೊತ್ತಿಗೆ ನಮ್ಮ ಕಡೆಯೂ ಹೊಲಗಳು ಸೈಟುಗಳಾಗಲು ತೊಡಗಿದ್ದವು. ಮಾವ ಒಂದು ದಿನ ಮಂಗಳೂರಕ್ಕನ ಗಂಡನನ್ನು ಕರೆದು, ಸಾಲುಮನೆಯ ಪಕ್ಕದ ಜಾಗ ಕೊಡುತ್ತೇನೆ, ನಿಧಾನವಾಗಿ ತೀರಿಸು, ಇಲ್ಲೇ ಒಂದು ಗೂಡು ಕಟ್ಟಿಕೋ ಎಂದರು. ಆ ಮನುಷ್ಯನಿಗೆ ಸಂತೋಷವಾಯಿತು. ಹೆಂಡತಿ ಒಪ್ಪಲಿಲ್ಲ. ಆ ಮನೆಯಿಂದ ಜಗಳದ ಸದ್ದು ಕೇಳಿದ್ದು ಅದೊಂದೇ ಸಲ. ನಾನು ಹೋಗಿ ಗೋಗರೆದೆ. ಅವರ ಒಳ್ಳೆಯದಕ್ಕಲ್ಲ, ನನ್ನ ಒಳ್ಳೆಯದಕ್ಕೆ. ಆ ಊರಿನಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವರು ಅವರೊಬ್ಬರೇ. ಎರಡು ಬಾಣಂತನದಲ್ಲೂ ನನಗೆ ನೀರು ಹಾಕಿದವರು ಅವರು.

"ಇಲ್ಲಿ ಗೋಡೆ ಎದ್ದರೆ ಅಲ್ಲಿ ನನ್ನ ಕೋಣೆಗೆ ಬೀಗ ಬಿದ್ದ ಹಾಗೆ" ಎಂದರು. "ಗಟ್ಟಿ ನೆಲ ಚಂದವೇ. ಆದರೆ ನಾನು ಹೋಗಬೇಕು. ಊರು ಇರುವಾಗಲೇ ಹೋಗಬೇಕು."

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹೋದರು. ಅವರ ಅಕ್ಕ ಬಿದ್ದು ಕಾಲು ಮುರಿದುಕೊಂಡರು. ಅಕ್ಕನಿಗೆ ಇದ್ದವರೆಲ್ಲ ಗಂಡುಮಕ್ಕಳು. ಆ ಮನೆಯ ದೈವದ ಕೋಣೆಗೆ ದೀಪ ಇಡಲು ಮನೆತನದ ಹೆಣ್ಣೇ ಬೇಕು. ಕರೆ ಬಂದ ದಿನ ಮಂಗಳೂರಕ್ಕನ ಮುಖ ನೋಡಬೇಕಿತ್ತು. ಅಕ್ಕನ ಕಾಲಿಗೆ ಅಳುತ್ತಲೂ ಇದ್ದರು, ಪಾತ್ರೆ ಕಟ್ಟುವಾಗ ಹಾಡಿಕೊಳ್ಳುತ್ತಲೂ ಇದ್ದರು. ಗಂಡ ಕಾರ್ಖಾನೆಯ ಲೆಕ್ಕ ತೀರಿಸಿಕೊಂಡು ವರ್ಷದೊಳಗೆ ಊರಿಗೆ ಹೋಗುವುದೆಂದು ಮಾತಾಯಿತು. ಅತ್ತೆ ಒಂದು ಚೀಲ ರಾಗಿಹಿಟ್ಟು ಕೊಟ್ಟು, "ಅಲ್ ಓಗಿ ಬರೀ ಅನ್ನ ತಿಂದು ಸೊರಗ್ಬ್ಯಾಡ" ಎಂದರು. ನಾನು ಮಾಕಳಿಯವರೆಗೆ ಹೋದೆ. ಬಸ್ಸಿನ ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಮುಟ್ಟಿ, "ನೀನು ಒಮ್ಮೆ ಬಾ. ನೋಡಬೇಕು ನೀನು" ಎಂದರು. ಬರುವಾಗ ನಾನು ಕೆರೆ ಏರಿಯ ಮೇಲೆ ಕೂತು ಮನಸಾರೆ ಅತ್ತುಬಿಟ್ಟೆ. ಸುಳ್ಳೇಕೆ, ಮದುವೆಯಾಗಿ ತವರು ಬಿಟ್ಟು ಬಂದ ದಿನವೂ ಅಷ್ಟು ಅತ್ತಿರಲಿಲ್ಲ.

ಹೋಗಲು ನನಗೆ ನಾಲ್ಕೈದು ವರ್ಷ ಹಿಡಿಯಿತು. ಊರಿನ ಹೆಂಗಸರೆಲ್ಲ ಸೇರಿ ವ್ಯಾನು ಮಾಡಿಕೊಂಡು ಧರ್ಮಸ್ಥಳಕ್ಕೆ ಹೊರಟಾಗ, ಮಂಗಳೂರಿಗೂ ಹೋಗೋಣ ಎಂದು ಹಟ ಹಿಡಿದವಳು ನಾನೇ. ಹೊಳೆಯ ದಡಕ್ಕೆ ಬಂದಾಗ ಅತ್ತೆ, ಆ ನೀರಿನ ಮೇಲೆ ತಾನು ಬರಲಾರೆ ಎಂದು ಕೂತುಬಿಟ್ಟರು. ನಾನೊಬ್ಬಳೇ ದೋಣಿ ಹತ್ತಿದೆ. ಹೊಗೆಗೂಡುಗಳು ಹೇಳಿದ್ದ ಕಡೆಯೇ ಇದ್ದವು. ಆಚೆ ದಡದಲ್ಲಿ ಇಳಿದರೆ ಓಣಿ, ಶಾಲೆ, ಮಸೀದಿ, ಎಲ್ಲವೂ ಹೇಳಿದ ಜಾಗದಲ್ಲೇ. ಮೊದಲ ಸಲ ಬಂದವಳು ಯಾರನ್ನೂ ದಾರಿ ಕೇಳದೆ ತೆಂಕು ದಿಕ್ಕಿಗೆ ನಡೆದೆ. ಮರಳಿನಲ್ಲಿ ನನ್ನ ಕಾಲು ಹೂತು ಹೂತು ಹೋಗುತ್ತಿತ್ತು. ಭಜನಾಮಂದಿರದ ಪಕ್ಕದ ಹಂಚಿನ ಮನೆಯ ಜಗಲಿಯಲ್ಲಿ ಊರುಗೋಲು ಇಟ್ಟುಕೊಂಡು ಕೂತಿದ್ದ ಹೆಂಗಸನ್ನು ಕಂಡ ಕೂಡಲೇ ಇವರು ಅಕ್ಕ ಎಂದು ಗೊತ್ತಾಯಿತು, ಅದೇ ಮುಖ.

ಮಾಕಳಿ ಕಡೆಯಿಂದ ಬಂದಿದ್ದೇನೆ ಎಂದೆ. ಆ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಹೇಳಿದರು, ತಂಗಿ ಕಳೆದ ಮಳೆಗಾಲದಲ್ಲೇ ತೀರಿಕೊಂಡಳೆಂದು. ಜ್ವರ ಬಂತು, ಇಳಿಯಲಿಲ್ಲ, ಕಡಲು ಜೋರಿದ್ದಾಗ ದೋಣಿ ನಿಂತಿತ್ತು. ತಂಗಿಯ ಗಂಡ ಈಗ ಆಚೆ ದಡದ ಮಂಜುಗಡ್ಡೆ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದರು, ಸಂಜೆಯ ಮೇಲೆ ಬರುವವರು. ನಾನು ಅಲ್ಲೇ ಜಗಲಿಯ ಮೇಲೆ ಕೂತೆ.

ಅಕ್ಕನ ಮಗನ ಮಗಳೊಬ್ಬಳು, ಆರೇಳು ವರ್ಷದವಳು, ಬಂದು ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಶಾಲೆಯ ಕನ್ನಡದಲ್ಲಿ ಕೇಳಿದಳು, "ನಿಮ್ಮಲ್ಲಿ ಚಳಿಗೆ ಬಾಯಿಯಿಂದ ಹೊಗೆ ಬರ್ತದಂತೆ. ಹೌದಾ?"

ಹೌದು ಎಂದೆ. ಅವಳಿಗೆ ನಮ್ಮೂರೆಲ್ಲ ಗೊತ್ತಿತ್ತು. ಹುಣಸೇಮರ ಗೊತ್ತು, ಅವರೆ ಹೊಲದ ಸೊಗಡಿನ ವಾಸನೆ ಗೊತ್ತು, ಮುದ್ದೆಯನ್ನು ಅಗಿಯಬಾರದೆಂದು ಗೊತ್ತು. ನಮ್ಮತ್ತೆ ಬೈಯುವುದನ್ನು ಅತ್ತೆಯ ದನಿಯಲ್ಲೇ ಬೈದು ತೋರಿಸಿದಳು. ಅಕ್ಕ ನಿಟ್ಟುಸಿರು ಬಿಟ್ಟು, "ಬಂದವಳಿಗೆ ಬಾಯಿ ತೆರೆದರೆ ನಿಮ್ಮ ಊರಿನದ್ದೇ ಸುದ್ದಿ" ಎಂದರು. "ಇಲ್ಲಿಯವರು ಅವಳನ್ನು ಬೆಂಗಳೂರಕ್ಕ ಅಂತಲೇ ಕರೀತಿದ್ದದ್ದು. ಕಡೆಗೆ ಜ್ವರದಲ್ಲಿ ಒಂದೇ ಮಾತು. ಊರಿಗೆ ಹೋಗುವ, ಊರಿಗೆ ಹೋಗುವ ಅಂತ. ಇದೇ ನಿನ್ನ ಊರಲ್ವಾ ಅಂದೆ. ಅಲ್ಲ ಅಂದಳು. ನಿಮ್ಮಲ್ಲಿಗೆ ಬರಬೇಕು ಅಂತ ಇತ್ತೋ ಏನೋ."

ಹಾಗೆಂದು ನಂಬಿಕೊಂಡಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಆದರೆ ಅಷ್ಟು ವರ್ಷ ಅವರ ಮಾತು ಕೇಳಿದವಳು ನಾನು. ನಮ್ಮೂರಿಗೆ ಅವರು ಊರು ಎಂದದ್ದೇ ಇಲ್ಲ. ಜಗಲಿಯಿಂದ ಕಡಲ ದಡ ಕಾಣುತ್ತಿತ್ತು. ಉದ್ದಕ್ಕೂ ಖಾಲಿ. ದೋಣಿಯಿಲ್ಲ, ಬಲೆಯಿಲ್ಲ, ಕಡಲು ನೋಡುತ್ತ ಕೂತ ಹಿರಿಯರಿಲ್ಲ. ಗಂಡಸರೆಲ್ಲ ಬೆಳಿಗ್ಗೆಯೇ ಹೊಳೆ ದಾಟಿ ಬೋಟುಗಳ ಕೆಲಸಕ್ಕೆ ಹೋಗಿದ್ದರು. ಮಂಗಳೂರಕ್ಕ ಹೇಳಿದ ಜಾಗ ಅಲ್ಲಿತ್ತು, ಅವರು ಹೇಳಿದ ಊರು ಅಲ್ಲಿರಲಿಲ್ಲ. ಊರು ಇರುವಾಗಲೇ ಹೋಗಬೇಕೆಂದು ಹಂಬಲಿಸಿ ಹೋದವರು ಅದನ್ನು ಕಾಣದೆ ಹೋದರಲ್ಲ ಎಂದುಕೊಂಡೆ.

ಹುಡುಗಿ ನನ್ನನ್ನು ಬಿಡಲಿಲ್ಲ. "ಕತೆ ಹೇಳಿ, ಚಿಕ್ಕಜ್ಜಿ ಹೇಳುತ್ತಿದ್ದ ಹಾಗೆ" ಎಂದು ಸೆರಗು ಎಳೆದಳು. ದೋಣಿ ಬರಲು ಇನ್ನೂ ಹೊತ್ತಿತ್ತು. ನನಗೆ ಗೊತ್ತಿದ್ದ ದೊಡ್ಡ ಕತೆ ಒಂದೇ, ಅದನ್ನೇ ಹೇಳಿದೆ. ಹೊಳೆ ಬಾಯಿ ಬದಲಿಸಿದ್ದು, ಸಿಟ್ಟಿನ ಹೆಂಗಸು ಕೋಳಿಗೂಡು ಹೊತ್ತು ಬಂದದ್ದು, ಮರಳಿನಲ್ಲಿ ಸಿಹಿನೀರು ಬಂದದ್ದು. ನೀರು ಕಪ್ಪಾದರೆ ಕೂಗು ಬೀಳುವುದು, ಮೇಷ್ಟ್ರು ಶಾಲೆ ಬಿಟ್ಟು ಓಡುವುದು, ಅರ್ಧ ಊರು ಆ ತುದಿಗೆ ಅರ್ಧ ಊರು ಈ ತುದಿಗೆ ನಿಂತು ಬಲೆ ಎಳೆಯುವುದು, ಹಿಡಿದವರಿಗೆಲ್ಲ ಪಾಲು ಕೊಡುವುದು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೇಳುತ್ತಿದ್ದರು. ಹುಡುಗಿ ಕಣ್ಣರಳಿಸಿ ಕೂತಿದ್ದಳು. ಮುಗಿದ ಮೇಲೆ ಬಹಳ ಆಸೆಯಿಂದ ಕೇಳಿದಳು, "ಇದು ಯಾವ ಊರಲ್ಲಿ?"

"ಇದೇ ಊರಲ್ಲಿ ಕಣವ್ವ" ಎಂದೆ.